ತೊಗಲಿಗೆ ಚಾಣ, ಅಕ್ರಿಲಿಕ್‌ಗೆ ಲೇಸರ್

ತೊಗಲುಗೊಂಬೆಯಾಟದ ಪರದೆಯ ಮೇಲೆ ರಾವಣ ಬಂದಾಗ ನೋಡುಗರ ಕಣ್ಣು ಮೊದಲು ಅವನ ಕಿರೀಟಕ್ಕೆ ಹೋಗುತ್ತದೆ. ಅಲ್ಲಿ ಮಿನುಗುವ ರತ್ನಗಳಿಗೆ ಬಣ್ಣವಿಲ್ಲ. ಅವು ಬರಿಯ ತೂತುಗಳು. ಹಿಂದಿನ ದೀಪದ ಬೆಳಕು ಅವುಗಳ ಮೂಲಕ ಹಾಯ್ದು ಒಡವೆಯಾಗುತ್ತದೆ. ಕಿಳ್ಳೇಕ್ಯಾತರು (ಶಿಳ್ಳೇಕ್ಯಾತರೆಂದೂ ಕರೆಯುವುದುಂಟು) ತಲೆಮಾರುಗಳಿಂದ ಚಾಣ, ಸುತ್ತಿಗೆ ಹಿಡಿದು ಮಾಡಿಕೊಂಡು ಬಂದ ಈ ಕೊರೆತವನ್ನು ಇಂದು ನಾಮಫಲಕದ ಅಂಗಡಿಯ ಲೇಸರ್ ಯಂತ್ರವೂ ಮಾಡಬಲ್ಲದು. ಹಾಗಾದರೆ ಚಾಣದ ಕಾಲ ಮುಗಿಯಿತೇ?

ಉತ್ತರ ತೊಗಲಿನಲ್ಲೇ ಇದೆ. ಗೊಂಬೆಗೆ ಬೇಕಾದದ್ದು ಚಪ್ಪಲಿಯ ಚರ್ಮದಂತೆ ಹದಮಾಡಿದ್ದಲ್ಲ. ಆಡಿನ ಚರ್ಮವನ್ನು ನೆನೆಸಿ, ಕೂದಲು, ಮಾಂಸ ಹೆರೆದು, ಬಿಗಿಯಾಗಿ ಎಳೆದು ಒಣಗಿಸುತ್ತಾರೆ. ಆಗ ಅದರಲ್ಲಿ ಬೆಳಕು ಹಾಯುತ್ತದೆ. ಹಿಂದೆ ಜಿಂಕೆಯ ಚರ್ಮವೂ ಬಳಕೆಯಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ದಾರಿಯನ್ನು ಮುಚ್ಚಿತು. ಹದಮಾಡದ ಚರ್ಮಕ್ಕೆ ಬಿಸಿ ಆಗಿಬರದು. ನೆನೆದಿದ್ದರಂತೂ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೇ ಮುದುಡಿಕೊಳ್ಳುತ್ತದೆ. ಚಾಣ ತಣ್ಣಗೆ ಕತ್ತರಿಸುತ್ತದೆ, ಲೇಸರ್ ಸುಡುತ್ತದೆ. ಸುಟ್ಟಲ್ಲಿ ಅಂಚು ಕಪ್ಪಾಗುತ್ತದೆ, ಕೂದಲು ಸುಟ್ಟಂಥ ಕಮಟು ಏಳುತ್ತದೆ. ಬೆಳಕನ್ನೇ ನಂಬಿದ ಗೊಂಬೆಗೆ ಕಪ್ಪು ಅಂಚು ಸಣ್ಣ ದೋಷವಲ್ಲ.

ಅಕ್ರಿಲಿಕ್‌ನ ಕಥೆಯೇ ಬೇರೆ. ಇದಕ್ಕೆ ಹೆಚ್ಚಾಗಿ ಬಳಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಕಣ್ಣಿಗೆ ಕಾಣದ ಈ ಕಿರಣದ ತರಂಗಾಂತರ 10.6 ಮೈಕ್ರೊಮೀಟರ್. ನಮಗೆ ಗಾಜಿನಂತೆ ತಿಳಿಯಾಗಿ ಕಾಣುವ ಅಕ್ರಿಲಿಕ್ ಈ ಕಿರಣವನ್ನು ಮಾತ್ರ ಪೂರ್ತಿ ಹೀರಿಕೊಂಡು ಆವಿಯಾಗುತ್ತದೆ. ಕತ್ತರಿಸಿದ ಅಂಚು ನಯವಾಗಿ ಹೊಳೆಯುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಹಾಳೆಯಾದರೆ ಕೆತ್ತಿದ ಅಕ್ಷರ ಮಂಜಿನಂತೆ ಬೆಳ್ಳಗೆ ಮೂಡುತ್ತದೆ. ಯಂತ್ರದಲ್ಲಿ ಒತ್ತಿ ತೆಗೆದ ಅಗ್ಗದ ಹಾಳೆಯಲ್ಲಿ ಅಷ್ಟು ಎದ್ದು ಕಾಣದು. ಕೊಳ್ಳುವಾಗ ಕೇಳಿ ತಿಳಿಯುವುದು ಒಳ್ಳೆಯದು.

ಚರ್ಮಕ್ಕೆ ಲೇಸರ್ ಒಗ್ಗುವುದೇ ಇಲ್ಲವೆಂದಲ್ಲ. ತೊಗಟೆಯ ರಸದಲ್ಲಿ ಹದಮಾಡಿದ ಚರ್ಮದ ಮೇಲೆ ಕಂದು ಗೆರೆ ಚೆನ್ನಾಗಿ ಮೂಡುತ್ತದೆ. ದಕ್ಷಿಣ ಭಾರತದಲ್ಲಿ ಹೀಗೆ ಹದಮಾಡಲು ಹೆಸರಾದದ್ದು ತಂಗಡಿ. ಚೌಳಹಿರಿಯೂರು, ಕಡೂರು ಕಡೆಯ ಬಯಲುಸೀಮೆಯವರಿಗೆ ಅದರ ಹಳದಿ ಹೂವಿನ ಪರಿಚಯ ಮಾಡಿಕೊಡಬೇಕಿಲ್ಲ. ಕ್ರೋಮಿಯಂ ಲವಣದಲ್ಲಿ ಹದಮಾಡಿದ್ದನ್ನು ಸುಟ್ಟರೆ ಹೊಗೆಯಲ್ಲಿ ವಿಷಕಾರಿ ಕ್ರೋಮಿಯಂ ಬರಬಹುದು. ಪಿವಿಸಿ ಲೇಪದ ರೆಕ್ಸಿನ್ ಅನ್ನಂತೂ ಯಂತ್ರಕ್ಕೆ ಇಡಲೇಬಾರದು. ಅದರಿಂದ ಏಳುವ ಹೈಡ್ರೋಜನ್ ಕ್ಲೋರೈಡ್ ಕೆಲಸಗಾರನ ಶ್ವಾಸಕೋಶವನ್ನೂ ಯಂತ್ರದ ಲೋಹವನ್ನೂ ತಿನ್ನುತ್ತದೆ.

ಚಾಣ ಹಿಡಿಯುವ ಕೈಗಳು ಕಡಿಮೆಯಾಗಿರುವುದಕ್ಕೆ ಲೇಸರ್ ಕಾರಣವಲ್ಲ. ಸಿನಿಮಾ, ಟಿ.ವಿ. ಬಂದಾಗಲೇ ಆಟ ಆಡಿಸಿ ಎಂದು ಕರೆಯುವ ಊರುಗಳು ಕಡಿಮೆಯಾದವು. ಕಲಾವಿದ ಎಂ.ಎಸ್. ನಂಜುಂಡರಾವ್ ಹಳ್ಳಿಗಳಿಂದ ಗೊಂಬೆಗಳನ್ನು ಸಂಗ್ರಹಿಸಿದ್ದರಿಂದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಹಳೆಯ ಕೊರೆತ ಇಂದಿಗೂ ನೋಡಸಿಗುತ್ತದೆ. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಆಗ ತೊಂಬತ್ತು ದಾಟಿತ್ತು. ಗಡಿಯಾಚೆ ಆಂಧ್ರದ ನಿಮ್ಮಲಕುಂಟದಲ್ಲಿ ಗೊಂಬೆ ಮಾಡುವ ಮನೆಗಳು ಅದೇ ಆಡಿನ ತೊಗಲನ್ನು ಅದೇ ಬಗೆಯಲ್ಲಿ ಕೊರೆದು ದೀಪದ ಮುಸುಕು ಮಾಡಿ ಮಾರುತ್ತಿವೆ.