ಕೈಕೋವಿಯೂ ಆತ್ಮರಕ್ಷಣೆಯೂ: ಹಂಪಸಾಗರದ ಸೀಮೆಯನ್ನು ಕುರಿತು ಒಂದು ವಿಚಾರ

ಒಂದೇ ಕೈಯಲ್ಲಿ ಹಿಡಿದು ಹಾರಿಸತಕ್ಕ ಕಿರಿಯ ಅಗ್ನ್ಯಸ್ತ್ರಕ್ಕೆ ಕನ್ನಡದಲ್ಲಿ ರೂಢವಾಗಿರುವ ಹೆಸರು ಪಿಸ್ತೂಲು. ಇದು ಐರೋಪ್ಯ ಭಾಷೆಗಳಿಂದ ಬಂದುದು. ತುಪಾಕಿಯು ತುರ್ಕಿ ಮೂಲದ್ದು, ಬಂದೂಕು ಅರಬ್ಬಿಯದು. ಕೋವಿಯೆಂಬ ಶಬ್ದವೊಂದೇ ದೇಶ್ಯವು. ಅದರ ಮೂಲಾರ್ಥ ಕೊಳವೆಯೆಂದಷ್ಟೆ. ಕೊಳವೆಯೊಳಗೆ ತುಂಬುವ ಪುಡಿಯನ್ನು ಕನ್ನಡಿಗರು ಮದ್ದೆಂದು ಕರೆದರು. ರೋಗವನ್ನು ಕಳೆಯುವುದಕ್ಕೂ ಪ್ರಾಣವನ್ನು ಕಳೆಯುವುದಕ್ಕೂ ಒಂದೇ ಮಾತು ಸಂದದ್ದು ಶಬ್ದಾರ್ಥವಿಚಾರದಲ್ಲಿ ಗಮನಿಸತಕ್ಕ ಸಂಗತಿಯಾಗಿದೆ. ಹೀಗೆ ಹೆಸರುಗಳೇ ಈ ಆಯುಧವು ಹೊರಗಿನಿಂದ ಬಂದುದೆಂದು ಸಾರುತ್ತಿರಲು, ಅದು ನಮ್ಮ ದೇಶದಲ್ಲಿ ಅತಿಪ್ರಾಚೀನವೆಂಬ ವಾದವೊಂದು ಬಹುಕಾಲ ನಡೆದುಬಂದಿತು.

ಆ ವಾದಕ್ಕೆ ಮುಖ್ಯಾಧಾರವು ಶುಕ್ರನೀತಿ. ಮದರಾಸಿನ ಸಂಸ್ಕೃತ ಪ್ರಾಧ್ಯಾಪಕನಾಗಿದ್ದ ಗುಸ್ತಾವ್ ಓಪ್ಪರ್ಟನು 1880ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ನೀತಿಗ್ರಂಥದ ನಾಲಿಕಾವರ್ಣನೆಯನ್ನು ಮುಂದಿಟ್ಟು, ಪ್ರಾಚೀನ ಹಿಂದೂಗಳಿಗೆ ಬಂದೂಕು ತಿಳಿದಿತ್ತೆಂದು ಸಾಧಿಸಲೆತ್ನಿಸಿದನು. ನಾಲಿಕವು ಬೃಹತ್ತು ಲಘು ಎಂದು ಎರಡು ವಿಧ. ಲಘುವಿನ ಕೊಳವೆಯ ಉದ್ದ ಐದು ಗೇಣು. ಗುರಿಯಿಡಲು ಬುಡದಲ್ಲಿಯೂ ತುದಿಯಲ್ಲಿಯೂ ಎಳ್ಳಿನಂಥ ಬಿಂದು. ಒಳರಂಧ್ರವು ನಡುಬೆರಳಿನ ಗಾತ್ರ. ಹಿಡಿಯುವ ಬುಡವು ಒಳ್ಳೆಯ ಮರದ್ದು. ಯಂತ್ರದ ಆಘಾತದಿಂದ ಕಲ್ಲು ಕಿಡಿಗೆಡೆದು ಕಿವಿಯಲ್ಲಿನ ಪುಡಿಯನ್ನು ಹೊತ್ತಿಸುವುದು. ಮದ್ದಿಗೆ ಸುವರ್ಚಿಲವಣ ಐದು ಪಲ, ಗಂಧಕ ಒಂದು ಪಲ, ಎಕ್ಕ ಕಳ್ಳಿ ಮೊದಲಾದವುಗಳ ಇದ್ದಲು ಒಂದು ಪಲ ಎಂದು ಲೆಕ್ಕವೂ ಉಂಟು.

ವರ್ಣನೆಯು ನಿಖರವಾಗಿದೆ, ಆ ನಿಖರತೆಯೇ ವಾದಕ್ಕೆ ಬಾಧಕವು. ಯಂತ್ರಾಘಾತದಿಂದ ಕಲ್ಲು ಕಿಡಿಯುಗುಳುವುದೆಂದರೆ ಚಕಮಕಿಯ ಕೋವಿಯೇ ಹೊರತು ಬತ್ತಿಯ ಕೋವಿಯಲ್ಲ. ಚಕಮಕಿಯ ಕೀಲು ಯುರೋಪಿನಲ್ಲಿಯೇ ಹದಿನೇಳನೆಯ ಶತಮಾನದಲ್ಲಿ ಪರಿಷ್ಕೃತರೂಪಕ್ಕೆ ಬಂದಿತು. ಆದುದರಿಂದ ಆ ಭಾಗವಾದರೂ ಅದಕ್ಕಿಂತ ಈಚಿನದೆಂದು ಹೇಳದೆ ಗತಿಯಿಲ್ಲ. ಇಡೀ ಗ್ರಂಥವೇ ಹತ್ತೊಂಬತ್ತನೆಯ ಶತಮಾನದ್ದೆಂದು ಲಲ್ಲನ್‌ಜೀ ಗೋಪಾಲರು 1962ರಲ್ಲಿ ವಾದಿಸಿದರು. ಇನ್ನೊಂದು ಮಾತು: ಐದು ಗೇಣೆಂದರೆ ಸುಮಾರು 45 ಅಂಗುಲ. ‘ಲಘು’ವೆಂಬ ವಿಶೇಷಣವನ್ನು ನೋಡಿ ಇದನ್ನು ಪಿಸ್ತೂಲೆಂದು ಭ್ರಮಿಸಬಾರದು, ಇದು ಕಾಲಾಳಿನ ನೀಳಕೋವಿಯೇ ಸರಿ.

ಕೈಕೋವಿಯು ತಡವಾಗಿ ಹುಟ್ಟಿದುದಕ್ಕೆ ಕಾರಣವೂ ಕೀಲಿನಲ್ಲಿಯೇ ಇದೆ. 1520ರ ರಾಯಚೂರಿನ ಯುದ್ಧದಲ್ಲಿ ಕೃಷ್ಣದೇವರಾಯನ ಪಕ್ಷದಲ್ಲಿ ನಿಂತು ಕೋಟೆಯ ಮೇಲಿನವರನ್ನು ಹೊಡೆದ ಪೋರ್ಚುಗೀಸರ ಕೋವಿಗಳನ್ನು ನೂನಿಜನು ವರ್ಣಿಸಿದ್ದಾನೆ. ಆ ಬಗೆಯ ಬತ್ತಿಕೋವಿಗೆ ಉರಿಯುವ ಬತ್ತಿ ಬೇಕು. ಉರಿಯುವ ಬತ್ತಿಯನ್ನು ನಡುವಿನಲ್ಲಿ ಸಿಕ್ಕಿಸಿಕೊಂಡು ದಾರಿ ನಡೆಯುವವನಾರು? ಬೆಂಕಿಯು ಕೀಲಿನೊಳಗೆ ಅಡಗಿದ ಮೇಲೆಯೇ ಕೋವಿಯು ಪಯಣಿಗನ ಸೊಂಟಕ್ಕೆ ಬರಲು ಸಾಧ್ಯವಾಯಿತು. ಆದರೂ ಅದರ ಮೇಲೆ ಪೂರ್ಣವಿಶ್ವಾಸವಿಡುವಂತಿರಲಿಲ್ಲ. ಕಲ್ಲು ಸವೆದರೆ ಕಿಡಿಯಿಲ್ಲ. ಮಳೆಗಾಲದಲ್ಲಿ ಬಟ್ಟಲಿನ ಮದ್ದು ನೆನೆಯುವುದು. ಕಿವಿಯ ರಂಧ್ರವು ಕಟ್ಟಿಕೊಂಡರೆ ಮದ್ದು ಬುಸ್ಸೆಂದು ಹೊತ್ತಿ ಗುಂಡು ಕದಲದು. ಎಲ್ಲವೂ ಸರಿಯಾದರೂ ಒಂದೇ ಏಟು. ಆದುದರಿಂದಲೇ ಜಾಣರು ಜೋಡಿಯಾಗಿ ಮಾಡಿಸಿದರು, ಇಲ್ಲವೆ ಒಂದೇ ಬುಡಕ್ಕೆ ಎರಡು ನಳಿಗೆಗಳನ್ನು ಕೂಡಿಸಿದರು.

ಈ ಕಲೆಯು ಕನ್ನಡನಾಡಿನಲ್ಲಿ ಉಚ್ಛ್ರಾಯಕ್ಕೆ ಬಂದುದು ಟೀಪೂ ಸುಲ್ತಾನನ ಕಾರ್ಖಾನೆಗಳಲ್ಲಿ. ಶ್ರೀರಂಗಪಟ್ಟಣದಲ್ಲಿ ಹುಟ್ಟಿದ ಪಿಸ್ತೂಲುಗಳ ಜೋಡಿಗಳಲ್ಲಿ ಒಂದರ ಕೀಲು ಬಲಕ್ಕೂ ಇನ್ನೊಂದರದು ಎಡಕ್ಕೂ ಇರುವುದುಂಟು; ಎರಡು ಕೈಗಳಿಗೂ ಒಗ್ಗುವಂತೆ ಎಣಿಸಿ ಮಾಡಿಸಿದ ಕೆಲಸವಿದು. ಹುಲಿಯ ಪಟ್ಟೆಯೂ ಹುಲಿಯ ಮುಖವೂ ಅಲಂಕಾರ. ಅವುಗಳ ಮೇಲಿನ ವರ್ಷವನ್ನು ಓದುವವರು ಎಚ್ಚರದಿಂದಿರಬೇಕು: ಅದು ಹಿಜರಿಯಲ್ಲ, ಮೌಲೂದಿ ಶಕ, ಅಂಕಗಳನ್ನು ಬಲದಿಂದ ಎಡಕ್ಕೆ ಓದತಕ್ಕದ್ದು. 1799ರಲ್ಲಿ ಪಟ್ಟಣವು ಬಿದ್ದಮೇಲೆ ಇವುಗಳಲ್ಲಿ ಅನೇಕವು ಇಂಗ್ಲೆಂಡಿಗೆ ಹೋದವು, ಕಾರ್ಖಾನೆಗಳು ನಿಂತವು.

ಹಂಪಸಾಗರವು ತುಂಗಭದ್ರೆಯ ಬಲದಂಡೆಯ ಊರು. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರು ಈ ಸೀಮೆಯ ಸುತ್ತ ಆಳಿದವರು. ಅವರ ಬಲವು ಬಹುಮಟ್ಟಿಗೆ ಬೇಡರ ಬಲ. 1800ರಲ್ಲಿ ನಿಜಾಮನು ಈ ಪ್ರಾಂತವನ್ನು ಕುಂಪಣಿಗೆ ಬಿಟ್ಟುಕೊಟ್ಟಾಗ, ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಎಣಿಸಿದ ಪಾಳೆಯಗಾರರು 80 ಮಂದಿ. ಅವರ ಆಯುಧಪಾಣಿಗಳು ಸುಮಾರು 30,000. ಇಂಥ ನಾಡಿನಲ್ಲಿ ಆಯುಧವು ಅಲಂಕಾರವಲ್ಲ. ಹೊಲಕ್ಕೂ ಸಂತೆಗೂ ಹೋಗುವವನಿಗೆ ಅದು ಊರುಗೋಲಿನಂತೆ ಬೇಕಾದುದು.

ಅದಕ್ಕೆ ಶಾಸ್ತ್ರದ ಸಮ್ಮತಿಯೂ ಇತ್ತು. ಆತ್ಮಪರಿತ್ರಾಣಕ್ಕಾಗಿ ದ್ವಿಜನೂ ಶಸ್ತ್ರ ಹಿಡಿಯಬಹುದೆಂದು ಮನುವು ವಿಧಿಸಿದನು. ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಆತತಾಯಿಯ ವಿಚಾರವನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸುತ್ತಾನೆ: ಉದ್ದೇಶವು ನಿವಾರಣೆ, ವಧೆಯಲ್ಲ, ತಡೆಯುವಾಗ ಪ್ರಮಾದದಿಂದ ಸಾವಾದರೆ ರಾಜದಂಡವಿಲ್ಲ, ಪ್ರಾಯಶ್ಚಿತ್ತವು ಲಘು. 1860ರ ದಂಡಸಂಹಿತೆಯ ಆತ್ಮರಕ್ಷಣೆಯ ಕಲಮುಗಳೂ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ಕಲಮುಗಳೂ ಈ ವಿವೇಚನೆಯಿಂದ ಬಹಳ ದೂರ ಹೋಗಿಲ್ಲ.

ಹೀಗೆ ಹಕ್ಕನ್ನು ಒಪ್ಪಿದ ಸರಕಾರವೇ ಅದರ ಸಾಧನವನ್ನು ಕಿತ್ತುಕೊಂಡಿತು. 1857ರ ನಿಶ್ಶಸ್ತ್ರೀಕರಣದ ಶಾಸನಕ್ಕೆ ಮೊದಲು ತಿರುಗಿಬಿದ್ದವರಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಪ್ರಸಿದ್ಧರು. ನವೆಂಬರಿನಲ್ಲಿ ಊರು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಮಂದಿಯನ್ನೂ ಹಲಗಲಿಯಲ್ಲಿ 6 ಮಂದಿಯನ್ನೂ ಗಲ್ಲಿಗೇರಿಸಿದರು. ಫ್ಲೀಟನು ಸಂಗ್ರಹಿಸಿದ ಲಾವಣಿಗಳಲ್ಲಿ ಅವರ ಕಥೆಯು ಉಳಿದಿದೆ. ಮರುವರ್ಷ ಬೆಂಕಿಯು ತುಂಗಭದ್ರೆಯ ದಡಕ್ಕೇ ಬಂದಿತು. ಹಂಪಸಾಗರಕ್ಕೆ ಮೇಲ್ಗಡೆ, ನದಿಯ ಎಡದಂಡೆಯ ಹಮ್ಮಿಗೆಯಲ್ಲಿ ಬಚ್ಚಿಟ್ಟಿದ್ದ ಆಯುಧಗಳನ್ನು ಅಧಿಕಾರಿಗಳು ಹಿಡಿದು ಕಾವಲಿಟ್ಟರು. 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯನು ಕಾವಲನ್ನು ಮುರಿದು ಅವನ್ನು ಒಯ್ದನು. ಡಂಬಳದ ಖಜಾನೆಯನ್ನು ತೆಗೆದುಕೊಂಡು, ಹಮ್ಮಿಗೆಯ ಕೆಂಚನಗೌಡನೊಡನೆ ಕೊಪ್ಪಳದ ಕೋಟೆಯನ್ನು ಸೇರಿ, ಜೂನ್ 1ರಂದು ಅಲ್ಲಿಯೇ ಮಡಿದನು. ಅವನ ದಂಗೆಗೆ ಕಾರಣಗಳು ಬೇರೆಯೂ ಇದ್ದುವು. ಕಿಡಿಯಾದುದು ಮಾತ್ರ ಈ ಆಯುಧಗಳ ಜಪ್ತಿಯೇ. ಆಗ ಬಲದಂಡೆಯು ಮದರಾಸು ಆಧಿಪತ್ಯ, ಮುಂಡರಗಿಯ ಕಡೆ ಮುಂಬಯಿಯದು, ಕೊಪ್ಪಳವು ನಿಜಾಮನ ರಾಜ್ಯ. ಒಂದು ಹೊಳೆಯನ್ನು ದಾಟಿದರೆ ಸರಕಾರವೇ ಬದಲಾಗುತ್ತಿದ್ದ ಈ ನಾಡಿನಲ್ಲಿ ಆಯುಧವನ್ನು ಅಡಗಿಸುವುದು ಎಷ್ಟು ಸುಲಭವೋ ಹುಡುಕುವುದು ಅಷ್ಟೇ ಕಷ್ಟ.

ವಿಧಿಯ ವಿಲಾಸವೆಂದರೆ, ವಿಶ್ವಾಸಾರ್ಹವಾದ ಕೈಕೋವಿಯು ಹುಟ್ಟಿದ ಕಾಲದಲ್ಲಿಯೇ ಅದು ಜನರ ಕೈ ತಪ್ಪಿತು. ಸ್ಕಾಟ್ಲೆಂಡಿನ ಪಾದ್ರಿ ಫೋರ್ಸಿತನು 1807ರಲ್ಲಿ ಸಿಡಿಮದ್ದಿನ ಕೀಲಿಗೆ ಹಕ್ಕುಪತ್ರ ಪಡೆದನು. ಕೋಲ್ಟನು 1836ರಲ್ಲಿ ತಿರುಗುವ ಗೂಡಿನ ರಿವಾಲ್ವರಿಗೆ ಪಡೆದನು. ನೆನೆಯುವ ಬಟ್ಟಲೂ ಒಂದೇ ಏಟಿನ ದೈನ್ಯವೂ ತೀರಿದವು. 1878ರ ಆಯುಧಶಾಸನವು ಪರವಾನಗಿಯ ಕಟ್ಟನ್ನು ದೇಶಕ್ಕೆಲ್ಲ ಬಿಗಿಯಿತು. ಸ್ವತಂತ್ರ ಭಾರತದ 1959ರ ಶಾಸನವೂ ಪರವಾನಗಿಯಿಲ್ಲದೆ ಕೋವಿಯನ್ನು ಮಾಡುವುದನ್ನಾಗಲಿ ಇಟ್ಟುಕೊಳ್ಳುವುದನ್ನಾಗಲಿ ನಿಷೇಧಿಸುತ್ತದೆ. ಕನ್ನಡನಾಡಿನಲ್ಲಿ ಕೊಡವ ಕುಲದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಮಾತ್ರ ಬ್ರಿಟಿಷರ ಕಾಲದ ವಿನಾಯಿತಿಯು ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಪಿಸ್ತೂಲು ರಿವಾಲ್ವರುಗಳೂ ಅದರಲ್ಲಿ ಸೇರಿವೆ. ಹಂಪಸಾಗರದ ರೈತನಾದರೋ ಬೆಳೆಯನ್ನು ಕಾಯುವ ಒಂಟಿನಳಿಗೆಯ ಕೋವಿಗೂ ಅರ್ಜಿ ಬರೆಯಬೇಕು.