ಕಾಫಿ ತೋಟದಲ್ಲಿ ದುಡಿದ ನಮ್ಮ ಮುತ್ತಜ್ಜಿ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯವನ್ನು ಕಟ್ಟಿ ಬೆಳೆಸಿದ ಗುರುಗಳನ್ನೂ ದಾನಿಗಳನ್ನೂ ಸ್ಮರಿಸುವುದು ಉಚಿತವೇ ಸರಿ. ಆದರೆ ಈ ಸಂಚಿಕೆಗಾಗಿ ನಮ್ಮ ಮನೆತನದ ಹಳೆಯ ಸಂಗತಿಗಳನ್ನು ಅರಸುತ್ತ ಹೋದಾಗ ನಮಗೆ ಎದುರಾದವಳು ಕೂಲಿ ಮಾಡಿ ಬದುಕಿದ ಒಬ್ಬ ಹೆಣ್ಣುಮಗಳು, ನಮ್ಮ ಮುತ್ತಜ್ಜಿ.

ಯಗಟಿಯದು ಕಡೂರು ತಾಲ್ಲೂಕಿನ ಬಯಲುಸೀಮೆ. ಇಲ್ಲಿ ರಾಗಿಯ ಕೊಯ್ಲು ಮುಗಿಯುವ ಹೊತ್ತಿಗೆ ಪಡುವಣ ಬಾಬಾಬುಡನ್ ಗಿರಿಯ ತೋಟಗಳಲ್ಲಿ ಕಾಫಿ ಹಣ್ಣಾಗಿರುತ್ತದೆ. ಮೇಸ್ತ್ರಿಯು ಮುಂಗಡ ಕೊಟ್ಟು ಆಳುಗಳನ್ನು ಕರೆದೊಯ್ಯುವುದು ಅಂದಿನ ಪದ್ಧತಿ. ನಮ್ಮ ಮನೆಯ ಮಟ್ಟಿಗಂತೂ ಮುಂಗಡ ಪಡೆಯುತ್ತಿದ್ದವನು ಮುತ್ತಜ್ಜ, ದುಡಿದು ತೀರಿಸುತ್ತಿದ್ದವಳು ಮುತ್ತಜ್ಜಿ. ಇಬ್ಬನಿಯಲ್ಲಿ ತೊಯ್ದ ರೆಂಬೆಯನ್ನು ಬಗ್ಗಿಸಿ, ಕಾಯಿ ಬಿಟ್ಟು ಕೆಂಪು ಹಣ್ಣನ್ನಷ್ಟೇ ಬಿಡಿಸಬೇಕು. ಕೆಂಜಿರುವೆ ಕಚ್ಚಿದರೂ ರೆಂಬೆಯನ್ನು ಬಿಡುವಂತಿಲ್ಲ. ನೆರಳಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಗು ಮಲಗಿರುತ್ತಿತ್ತು. ಸಂಜೆ ಹಣ್ಣಿನ ಅಳತೆಯಾದ ಮೇಲೆಯೇ ಲೈನು ಮನೆಯ ಒಲೆಗೆ ಬೆಂಕಿ.

ಆಕೆಯ ಜಾಡನ್ನು ನಮಗೆ ತೋರಿದ್ದು ಚರ್ಚಿನ ಪುಸ್ತಕಗಳು. ವಧೂವರರ ಮತ್ತು ಸಾಕ್ಷಿಗಳ ಹೆಸರನ್ನು ಬರೆದಿಡಬೇಕೆಂದು 1563ರಲ್ಲೇ ಟ್ರೆಂಟಿನ ಮಹಾಸಭೆ ವಿಧಿಸಿತ್ತು. 1907ರ ‘ನೆ ತೆಮೆರೆ’ ಆಜ್ಞೆಯು ಇನ್ನೊಂದು ಉಪಕಾರ ಮಾಡಿತು. ಮದುವೆಯಾದ ಸಂಗತಿಯನ್ನು ಜ್ಞಾನಸ್ನಾನದ ಪುಸ್ತಕದಲ್ಲೂ ಗುರುತಿಸಬೇಕು. ಜ್ಞಾನಸ್ನಾನ ಬೇರೆಡೆ ಆಗಿದ್ದರೆ ಅಲ್ಲಿನ ಗುರುಗಳಿಗೆ ತಿಳಿಸಬೇಕು. ಊರು ಬಿಟ್ಟು ಹೋದ ಹೆಣ್ಣುಮಕ್ಕಳನ್ನು ಹುಡುಕುವವರಿಗೆ ಅಂಚಿನ ಆ ಒಂದು ಸಾಲು ಎಷ್ಟು ದೊಡ್ಡ ಆಸರೆಯೆಂಬುದನ್ನು ನಾವು ಸ್ವತಃ ಕಂಡೆವು. ಹುಡುಕುವವರು ಎರಡು ವಿಷಯ ನೆನಪಿಡಬೇಕು. ನಮ್ಮ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚನೆಯಾಗುವ ಮುನ್ನ ಈ ಪ್ರದೇಶ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಹಳೆಯ ಬರಹವೆಲ್ಲ ಲ್ಯಾಟಿನ್. ನಮ್ಮ ಅಜ್ಜಿಯರ ಹೆಸರುಗಳು ಅಲ್ಲಿ ಗುರುತು ಸಿಗದಷ್ಟು ಬದಲಾಗಿವೆ!

ಇಂಥವರ ಮಗಳು, ಇಂಥವರ ಹೆಂಡತಿ, ಇಂಥವರ ವಿಧವೆ ಎಂಬುದು ಆ ಪುಸ್ತಕಗಳಿಂದ ತಿಳಿಯಿತು. ಆಕೆ ದುಡಿದವಳೆಂಬುದು ಮಾತ್ರ ಎಲ್ಲಿಯೂ ಇಲ್ಲ. ಅದನ್ನು ದೊಡ್ಡಮ್ಮನ ಬಾಯಿಂದಲೇ ಕೇಳಬೇಕಾಯಿತು.

1951ರ ತೋಟ ಕಾರ್ಮಿಕರ ಕಾಯಿದೆಯು 50 ಅಥವಾ ಹೆಚ್ಚು ಹೆಣ್ಣಾಳುಗಳಿದ್ದ ತೋಟಗಳಲ್ಲಿ ಶಿಶುಗಳಿಗೆ ಪ್ರತ್ಯೇಕ ಕೊಠಡಿ ಇರಬೇಕೆಂದು ವಿಧಿಸಿತು. ಅಷ್ಟರಲ್ಲಿ ಮುತ್ತಜ್ಜಿಯ ಬೆನ್ನು ಬಾಗಿತ್ತು. ಗಂಡು ಹೆಣ್ಣುಗಳಿಗೆ ಸಮಾನ ವೇತನದ ಕಾಯಿದೆ 1976ರಲ್ಲಿ ಬಂದಾಗ ಆಕೆ ಇರಲಿಲ್ಲ.

ಮನೆಯ ಹಿಂದಿನ ತೆಂಗಿನ ತೋಟದ ಪತ್ರ ಮುತ್ತಜ್ಜನ ಹೆಸರಿನಲ್ಲಿದೆ. ಅದರ ಹಣವನ್ನು ಕೊಯ್ಲಿನ ಕೂಲಿಯಿಂದ ಕೂಡಿಸಿದವಳು ಮುತ್ತಜ್ಜಿಯೆಂದು ದೊಡ್ಡಮ್ಮ ಹೇಳುತ್ತಾರೆ, ದಾಯಾದಿಗಳು ಒಪ್ಪುವುದಿಲ್ಲ. ನಾವು ದೊಡ್ಡಮ್ಮನ ಮಾತನ್ನೇ ನಂಬುತ್ತೇವೆ. ಮುತ್ತಜ್ಜ ಒಂದು ವರ್ಷವೂ ಕೊಯ್ಲಿಗೆ ಗಿರಿ ಹತ್ತಿದವನಲ್ಲವೆಂಬುದನ್ನು ದಾಯಾದಿಗಳೂ ಅಲ್ಲಗಳೆಯುವುದಿಲ್ಲ.