ಹೈಡ್ರೋಕಾರ್ಬನ್ ನ್ಯುಮೋನೈಟಿಸ್

ಹೈಡ್ರೋಕಾರ್ಬನ್ ನ್ಯುಮೋನೈಟಿಸ್ ಎಂಬುದು ಸೀಮೆಎಣ್ಣೆ, ಪೆಟ್ರೋಲ್, ಟರ್ಪೆಂಟೈನ್, ಥಿನ್ನರ್ ಮುಂತಾದ ದ್ರವಗಳು ಶ್ವಾಸನಾಳವನ್ನು ಪ್ರವೇಶಿಸಿದಾಗ ಶ್ವಾಸಕೋಶದಲ್ಲಿ ಉಂಟಾಗುವ ರಾಸಾಯನಿಕ ಉರಿಯೂತವಾಗಿದೆ. ಇದು ಸೂಕ್ಷ್ಮಾಣುಜೀವಿಗಳಿಂದ ಬರುವ ನ್ಯುಮೋನಿಯಾಕ್ಕಿಂತ ಭಿನ್ನವಾದುದು. ಈ ದ್ರವಗಳನ್ನು ನುಂಗಿದವರಲ್ಲಿ ಹೊಟ್ಟೆಗಿಂತ ಶ್ವಾಸಕೋಶಕ್ಕೇ ಹೆಚ್ಚಿನ ಅಪಾಯವಿರುತ್ತದೆ.

ಕಾರಣಗಳು

ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ನೀರಿನ ಅಥವಾ ತಂಪುಪಾನೀಯದ ಬಾಟಲಿಯಲ್ಲಿ ತುಂಬಿಟ್ಟ ಸೀಮೆಎಣ್ಣೆಯನ್ನು ಮಕ್ಕಳು ನೀರೆಂದು ಭಾವಿಸಿ ಕುಡಿಯುವುದು ಇದಕ್ಕೆ ಸಾಮಾನ್ಯ ಕಾರಣ. ವಯಸ್ಕರಲ್ಲಿ ಕೊಳವೆಯ ಮೂಲಕ ಬಾಯಿಯಿಂದ ಪೆಟ್ರೋಲ್ ಅಥವಾ ಡೀಸೆಲ್ ಎಳೆಯುವಾಗ ಇದು ಸಂಭವಿಸಬಹುದು. ಬಾಯಿಯಿಂದ ಬೆಂಕಿ ಉಗುಳುವ ಪ್ರದರ್ಶನಕಾರರಲ್ಲಿ ಕಾಣುವ ಇದೇ ಬಗೆಯ ತೊಂದರೆಯನ್ನು ‘ಫೈರ್ ಈಟರ್ಸ್ ಲಂಗ್’ ಎಂದು ಕರೆಯಲಾಗುತ್ತದೆ.

ರೋಗದ ಬೆಳವಣಿಗೆ

ಸೀಮೆಎಣ್ಣೆಯ ಸ್ನಿಗ್ಧತೆ ಮತ್ತು ಮೇಲ್ಮೈ ಎಳೆತ ಕಡಿಮೆ. ಆದ್ದರಿಂದ ಅಲ್ಪ ಪ್ರಮಾಣವೂ ಶ್ವಾಸನಾಳದ ಕವಲುಗಳಲ್ಲಿ ವೇಗವಾಗಿ ಹರಡುತ್ತದೆ. ಅದು ಗಾಳಿಗೂಡುಗಳು ಕುಸಿಯದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಪದರವನ್ನು ಹಾಳುಮಾಡುತ್ತದೆ. ಗಾಳಿಗೂಡುಗಳು ಕುಸಿದು, ಉರಿಯೂತ ಉಂಟಾಗಿ, ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಇಳಿಯುತ್ತದೆ.

ಲಕ್ಷಣಗಳು ಮತ್ತು ರೋಗನಿರ್ಣಯ

ಕೆಮ್ಮು, ಉಸಿರುಗಟ್ಟುವಿಕೆ, ವೇಗದ ಉಸಿರಾಟ, ವಾಂತಿ, ಜ್ವರ ಹಾಗೂ ಬಾಯಿಯಲ್ಲಿ ಎಣ್ಣೆಯ ವಾಸನೆ ಪ್ರಮುಖ ಲಕ್ಷಣಗಳು. ತೂಕಡಿಕೆ ಮತ್ತು ಚರ್ಮ ನೀಲಿಗಟ್ಟುವಿಕೆ ತೀವ್ರತೆಯನ್ನು ಸೂಚಿಸುತ್ತವೆ. ಎದೆಯ ಕ್ಷ-ಕಿರಣ ಚಿತ್ರ ಆರಂಭದಲ್ಲಿ ಸಹಜವಾಗಿದ್ದು, ಬದಲಾವಣೆಗಳು ಕೆಲವು ಗಂಟೆಗಳ ನಂತರ ಗೋಚರಿಸಬಹುದು. ಆದಕಾರಣ ಲಕ್ಷಣಗಳಿಲ್ಲದವರನ್ನೂ ಸಾಮಾನ್ಯವಾಗಿ 6 ಗಂಟೆಗಳಾದರೂ ವೈದ್ಯಕೀಯ ನಿಗಾದಲ್ಲಿ ಇರಿಸಲಾಗುತ್ತದೆ.

ಚಿಕಿತ್ಸೆ

ರೋಗಿಗೆ ವಾಂತಿ ಮಾಡಿಸಬಾರದು. ನುಂಗಿದ ದ್ರವ ಮೇಲೆ ಬರುವಾಗ ಅದು ಶ್ವಾಸನಾಳವನ್ನು ಸೇರುವ ಸಂಭವ ಹೆಚ್ಚುತ್ತದೆ. ಇದೇ ಕಾರಣದಿಂದ ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಅಪಾಯಕರ. ಆಸ್ಪತ್ರೆಯಲ್ಲಿಯೂ ಜಠರ ತೊಳೆಯುವುದನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತದೆ. ದ್ರವದಲ್ಲಿ ಕೀಟನಾಶಕದಂತಹ ಇತರ ವಿಷ ಬೆರೆತಿದ್ದರೆ ಮಾತ್ರ, ಶ್ವಾಸಮಾರ್ಗವನ್ನು ರಕ್ಷಿಸಿಕೊಂಡು, ಅದನ್ನು ಪರಿಗಣಿಸಲಾಗುತ್ತದೆ. ಎಣ್ಣೆ ತಾಗಿದ ಬಟ್ಟೆಗಳನ್ನು ತೆಗೆದು ಚರ್ಮವನ್ನು ಸಾಬೂನಿನಿಂದ ತೊಳೆಯಬೇಕು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಆಮ್ಲಜನಕ ನೀಡುವುದು ಮತ್ತು ಅಗತ್ಯವಿದ್ದಲ್ಲಿ ಕೃತಕ ಉಸಿರಾಟವೇ ಚಿಕಿತ್ಸೆಯ ಆಧಾರ. ಸೋಂಕಿನ ಚಿಹ್ನೆಗಳಿಲ್ಲದಿದ್ದರೆ ಪ್ರತಿಜೀವಕಗಳ ಅಗತ್ಯವಿರುವುದಿಲ್ಲ. ಹೆಚ್ಚಿನ ರೋಗಿಗಳು ಪೂರ್ಣವಾಗಿ ಗುಣಮುಖರಾಗುತ್ತಾರೆ.

ತಡೆಗಟ್ಟುವಿಕೆ

ಇಂಧನ ಮತ್ತು ದ್ರಾವಕಗಳನ್ನು ಪಾನೀಯದ ಬಾಟಲಿಗಳಲ್ಲಿ ಸಂಗ್ರಹಿಸಬಾರದು. ಅವುಗಳನ್ನು ಹೆಸರು ಬರೆದ, ಭದ್ರ ಮುಚ್ಚಳವಿರುವ ಡಬ್ಬಿಗಳಲ್ಲಿ, ಮಕ್ಕಳ ಕೈಗೆಟುಕದಂತೆ ಬೀಗ ಹಾಕಿದ ಜಾಗದಲ್ಲಿ ಇಡಬೇಕು.